ಅಪೊಲೋನಿಯಕ್ಕನ ನಾಲಿಗೆ

ಆ ಗುಡ್ಡದ ಮೇಲೆ ಕಾನೂನು ಎಂದರೆ ಎರಡೇ ಇದ್ದವು. ಒಂದು, ದೇವರ ಹತ್ತು ಆಜ್ಞೆಗಳು. ಇನ್ನೊಂದು, ಅಪೊಲೋನಿಯಕ್ಕನ ನಾಲಿಗೆಯ ತುದಿ. ಮೊದಲನೆಯದನ್ನು ಆಗೊಮ್ಮೆ ಈಗೊಮ್ಮೆ ಮುರಿದವರು ಉಂಟು, ಪಾಪನಿವೇದನೆ ಮಾಡಿ ಸರಿಪಡಿಸಿಕೊಂಡವರೂ ಉಂಟು. ಎರಡನೆಯದನ್ನು ಮುರಿದವರು ಇಪ್ಪತ್ನಾಲ್ಕು ವರ್ಷಗಳಲ್ಲಿ ಒಬ್ಬರೂ ಇರಲಿಲ್ಲ.

ಗುಡ್ಡ ಇದ್ದದ್ದು ಕೊರಿಯಾದ ಇಂಚಾನ್ ಬಂದರಿನ ಹಿಂಬದಿಯಲ್ಲಿ, ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆಸಿಕೊಂಡವರ ಕೇರಿಯಲ್ಲಿ. ಅಲ್ಲಿ ಮುಚ್ಚಿಹೋಗಿದ್ದ ಒಂದು ಸಾರ್ವಜನಿಕ ಸ್ನಾನದ ಮನೆಯನ್ನು ಬಾಡಿಗೆಗೆ ಹಿಡಿದು ಮಾರ್ತಳ ಬಳಗದವರು ಅನ್ನ ಹಾಕುತ್ತಿದ್ದರು. ಬಳಗದಲ್ಲಿ ಪಾದ್ರಿಗಳಿಲ್ಲ, ಸಿಸ್ಟರುಗಳಿಲ್ಲ. ಎಲ್ಲರೂ ಸೊಸೆ, ಸಕ್ಕರೆ ಕಾಯಿಲೆ, ಸೊಂಟನೋವು ಇದ್ದ ಸಾಮಾನ್ಯ ಭಕ್ತರು. ವರ್ಷಕ್ಕೊಮ್ಮೆ ಸಂತ ಮಾರ್ತಳ ಹಬ್ಬದ ದಿನ ಮೊಂಬತ್ತಿ ಹಿಡಿದು, ಬಡವರ ಮತ್ತು ಎಳೆಯರ ಸೇವೆಯನ್ನು ಇನ್ನೊಂದು ವರ್ಷ ಮಾಡುತ್ತೇವೆಂದು ಮಾತು ಕೊಡುವರು. ಇನ್ನೊಂದೇ ವರ್ಷ, ಇನ್ನೊಂದೇ ವರ್ಷ ಎನ್ನುತ್ತ ಇಪ್ಪತ್ನಾಲ್ಕು ಆಗಿಹೋಗಿದ್ದವು. ಗಂಡಸರ ಸ್ನಾನದ ಕೋಣೆ ಅಡುಗೆಮನೆಯಾಗಿತ್ತು. ಹೆಂಗಸರ ಸ್ನಾನದ ಕೋಣೆಯಲ್ಲಿ ದಿನಾ ಮಧ್ಯಾಹ್ನ ನೂರಾ ನಲವತ್ತು ಜನ, ನೀಲಿ ಟೈಲ್ಸಿನ ಗೋಡೆಗೆ ಸಾಲಾಗಿದ್ದ ನಲ್ಲಿಗಳ ಕೆಳಗೆ ಮೇಜು ಹಾಕಿಕೊಂಡು, ಊಟ ಮಾಡುತ್ತಿದ್ದರು. ಮಹಡಿಯ ಮೇಲೆ ಆರು ಸಣ್ಣ ಕೋಣೆ. ಹದಿನೆಂಟು ತುಂಬಿತೆಂದು ಅನಾಥಾಲಯಗಳು ಒಂದು ಪೆಟ್ಟಿಗೆ ಕೊಟ್ಟು ಬೀಳ್ಕೊಟ್ಟ ಹುಡುಗಿಯರು ಅಲ್ಲಿ ಇರುತ್ತಿದ್ದರು.

ಅಪೊಲೋನಿಯಕ್ಕನಿಗೆ ಅಪ್ಪ ಇಟ್ಟ ಹೆಸರು ಪಿಯೋ ಮಾಲ್‌ಸುನ್. ಐದನೆಯದೂ ಹೆಣ್ಣಾಯಿತೆಂದು ಬೇಸತ್ತು, ಇದೇ ಕೊನೆಯದಾಗಲಿ ಎಂದು ಇಟ್ಟ ಹೆಸರು. ಆಮೇಲೂ ಇಬ್ಬರು ಹೆಣ್ಣುಮಕ್ಕಳು ಹುಟ್ಟಿ ಅಪ್ಪನ ಬಾಯಿ ಮುಚ್ಚಿಸಿದ್ದು ಬೇರೆ ಮಾತು. ಹದಿನೈದನೆಯ ವಯಸ್ಸಿಗೆ ಹುಟ್ಟಿದ ದ್ವೀಪದಿಂದ ದೋಣಿ ಹತ್ತಿ ಬಂದು ನೂಲಿನ ಗಿರಣಿ ಸೇರಿದಳು. ಇಪ್ಪತ್ತೆರಡಕ್ಕೆ ಜ್ಞಾನಸ್ನಾನವಾಯಿತು. ಆ ದಿನ ಅವಳ ಪಕ್ಕ ನಿಂತಿದ್ದ ಜ್ಞಾನತಾಯಿಗೆ ವಿಪರೀತ ಹಲ್ಲುನೋವು. ಹಾಗಾಗಿ ಹಲ್ಲುನೋವಿನವರನ್ನು ಕಾಯುವ ಸಂತ ಅಪೊಲೋನಿಯಳ ಹೆಸರು ಸಿಕ್ಕಿತು. ಬಳಗದಲ್ಲಿ ಯಾರೂ ಯಾರನ್ನೂ ಅಪ್ಪ-ಅಮ್ಮ ಇಟ್ಟ ಹೆಸರಿನಿಂದ ಕರೆಯುವುದಿಲ್ಲವಾದ್ದರಿಂದ ಮಾಲ್‌ಸುನ್ ಎಂಬವಳು ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದಳು. ಗಿರಣಿಯಲ್ಲಿ ನೂಲಿನ ಧೂಳಿಗೆ ಕೆಮ್ಮು ಹಿಡಿದಾಗ ಕ್ಯಾಂಟೀನಿಗೆ ಹಾಕಿದರು. ಅಲ್ಲಿ ಸಾವಿರದ ಇನ್ನೂರು ಜನರಿಗೆ ಸಾರು ಕುದಿಸುತ್ತ ಅವಳ ನಾಲಿಗೆ ಸಾಮ್ರಾಜ್ಯ ಕಟ್ಟಿತು. ಹಂಡೆಯಲ್ಲಿ ಒಂದು ಹಿಡಿ ಉಪ್ಪು ಹೆಚ್ಚಾದರೆ ಹಬೆ ಮೂಸಿಯೇ ಹೇಳುತ್ತಿದ್ದಳು. ಮದುವೆಯಾದಳು, ಗಂಡ ಹಡಗಿನ ಕೆಲಸಕ್ಕೆಂದು ಹೋಗಿ ನ್ಯುಮೋನಿಯಾದಿಂದ ತೀರಿಕೊಂಡ, ಮಕ್ಕಳಿರಲಿಲ್ಲ. ಇಷ್ಟನ್ನು ಅವಳೇ ಹೇಳುವಾಗ ಸೊಪ್ಪು ಬಿಡಿಸುವ ಕೈ ನಿಲ್ಲುತ್ತಿರಲಿಲ್ಲ.

ಬಳಗ ಶುರುವಾದ ದಿನ ಎಂಟು ಜನ ಸಭೆ ಸೇರಿದ್ದರು. ಬಡವರಿಗೆ ತಾನೆ, ಸಾರು ತೆಳ್ಳಗಿದ್ದರೂ ನಡೆದೀತು, ಹೆಚ್ಚು ಜನಕ್ಕೆ ಆಗುತ್ತದೆ ಎಂದು ಯಾರೋ ಅಂದರು. ಅಪೊಲೋನಿಯಕ್ಕ ಸೌಟನ್ನು ಮೇಜಿಗೆ ಬಡಿದಳು.

"ಬಡವ್ರಿಗೆ ನಾಲಿಗೆ ಇಲ್ವಾ? ಹೊಟ್ಟೆ ಮಾತ್ರ ಇಟ್ಟು ಕಳಿಸಿದಾನಾ ದೇವ್ರು?"

ಅಂದಿನಿಂದ ಅಡುಗೆಮನೆ ಅವಳದಾಯಿತು.

ಅವಳ ವೈಭವದ ದಿನವೆಂದರೆ ನವೆಂಬರಿನ ಕೊನೆಯ ಶನಿವಾರ. ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿಯನ್ನು, ಅಂದರೆ ಎಲೆಕೋಸಿನ ಉಪ್ಪಿನಕಾಯಿಯನ್ನು, ಅಂದೇ ಹಾಕಿ, ಗುಡ್ಡದ ಇನ್ನೂರ ಮೂವತ್ತು ಮನೆಗಳಿಗೆ ಹೊತ್ತು ಕೊಡಬೇಕು. ಏಳುನೂರು ಎಲೆಕೋಸು. ಅವನ್ನು ಹಿಂದಿನ ದಿನವೇ ಸೀಳಿ, ಒಂದು ಕಾಲದಲ್ಲಿ ಊರಿನ ಹೆಂಗಸರೆಲ್ಲ ಕುತ್ತಿಗೆಮಟ್ಟ ಕೂತು ಗಂಡಂದಿರನ್ನು ಬೈದುಕೊಳ್ಳುತ್ತಿದ್ದ ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರಿಗೆ ಮುಳುಗಿಸುತ್ತಿದ್ದರು. ಮರುದಿನ ಬೆಳಗ್ಗೆ ಮೆಣಸಿನ ಪುಡಿ, ಬೆಳ್ಳುಳ್ಳಿ, ಮೂಲಂಗಿ, ಉಪ್ಪಿನಲ್ಲಿ ಕಳಿತ ಸಿಗಡಿ ಎಲ್ಲ ಕಲಸಿದ ಕೆಂಪು ಮಸಾಲೆಯ ಬಾನಿಗಳ ಸುತ್ತ ಅರವತ್ತು ಜನ ರಬ್ಬರ್ ಕೈಗವಸು ತೊಟ್ಟು ನಿಲ್ಲುವರು. ಅಪೊಲೋನಿಯಕ್ಕ ನಡೆದುಬರುವಳು. ಒಂದು ಎಳೆಯ ಎಲೆಗೆ ಮಸಾಲೆ ಸುತ್ತಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚುವಳು. ಬಲಿಪೂಜೆಯಲ್ಲಿ ರೊಟ್ಟಿ ಎತ್ತುವ ಹೊತ್ತಿನಲ್ಲೂ ಅಷ್ಟು ನಿಶ್ಶಬ್ದ ಇರುತ್ತಿರಲಿಲ್ಲ, ಅಲ್ಲಿ ಕೆಮ್ಮುವವರಾದರೂ ಇರುತ್ತಿದ್ದರು. ಅವಳ ತಲೆ ಒಮ್ಮೆ ಆಡಿತೆಂದರೆ ಅರವತ್ತು ಜೊತೆ ಕೈ ಬಾನಿಗೆ ಇಳಿಯುತ್ತಿದ್ದವು.

ಅಂಥ ನಾಲಿಗೆ, ಅವಳಿಗೆ ಅರವತ್ತೇಳು ತುಂಬಿದ ವರ್ಷ, ಅಕ್ಟೋಬರಿನಲ್ಲಿ ಸತ್ತುಹೋಯಿತು.

ಹತ್ತು ದಿನ ಜ್ವರ ಬಂದಿತ್ತು. ಜ್ವರ ಬಿಟ್ಟ ಬೆಳಗ್ಗೆ ಒಂದು ಕಳಿತ ಕಿತ್ತಳೆ ಬಣ್ಣದ ಪರ್ಸಿಮನ್ ಹಣ್ಣು ಬಾಯಿಗಿಟ್ಟುಕೊಂಡಳು. ಒದ್ದೆ ಬಟ್ಟೆ ಅಗಿದಂತಾಯಿತು. ಹಣ್ಣೇ ಕೆಟ್ಟಿರಬೇಕೆಂದು ಬೆಳ್ಳುಳ್ಳಿಯ ಎಸಳು ಅಗಿದಳು. ಏನೂ ಇಲ್ಲ. ಹಸಿಮೆಣಸು ಕಚ್ಚಿದಳು, ಕಣ್ಣಲ್ಲಿ ನೀರು ಬಂತು, ತುಟಿ ಉರಿಯಿತು, ರುಚಿ ಮಾತ್ರ ಬರಲಿಲ್ಲ. ಕೊನೆಗೆ ಉಪ್ಪಿನ ಹರಳನ್ನೇ ನಾಲಿಗೆಯ ಮೇಲೆ ಇಟ್ಟುಕೊಂಡು ಅದು ಕರಗುವ ತನಕ ಅಡುಗೆಮನೆಯ ಮಧ್ಯೆ ನಿಂತಿದ್ದಳು. ಮಂಜುಗಡ್ಡೆ ಕರಗಿದಂತೆ ಕರಗಿತು. ಸಂತ ಅಪೊಲೋನಿಯಳಿಗೆ ಮೊರೆಯಿಟ್ಟಳು. ಆಕೆಯದು ಹಲ್ಲಿನ ಖಾತೆ, ನಾಲಿಗೆ ಯಾರ ಸುಪರ್ದಿಗೆ ಸೇರಿದ್ದೋ, ಮೇಲಿನಿಂದ ಉತ್ತರ ಬರಲಿಲ್ಲ. ಡಾಕ್ಟರರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಬಂದರೆ ಬರಬಹುದು, ಬರದಿದ್ದರೆ ಬರದೆಯೂ ಇರಬಹುದು ಎಂದು ಗಂಭೀರವಾಗಿ ಹೇಳಿದರು.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬಳಗದವರು ಅವಳ ಕೈ ಹಿಡಿದು, 'ಇಷ್ಟು ವರ್ಷ ದುಡಿದಿರಿ, ಇನ್ನು ವಿಶ್ರಾಂತಿ ತಗೊಳ್ಳಿ' ಎನ್ನುವರು. ಒಂದು ಹೂಗುಚ್ಛ ಕೊಡುವರು. ಆಮೇಲೆ ಅವಳು ತನ್ನ ಒಂಟಿ ಕೋಣೆಯಲ್ಲಿ ಹೂಗುಚ್ಛವನ್ನು ನೋಡುತ್ತ ಕೂರಬೇಕು. ಅದು ಬಾಡಿದ ಮೇಲೆ ಗೋಡೆ ನೋಡುತ್ತ ಕೂರಬೇಕು. ಅವಳಿಗೆ ಸಾವಿನ ಭಯ ಅಷ್ಟಿರಲಿಲ್ಲ. ಹೂಗುಚ್ಛದ ಭಯ ವಿಪರೀತ ಇತ್ತು.

ಹಾಗಾಗಿ ಕೈಯ ಅಂದಾಜನ್ನೇ ನಂಬಿ ಅಡುಗೆಗೆ ಇಳಿದಳು. ನಲವತ್ತು ವರ್ಷ ಉಪ್ಪು ಹಾಕಿದ ಕೈ, ಅದಕ್ಕೆ ಗೊತ್ತಿರುವುದಿಲ್ಲವೇ? ಸಾಲದ್ದಕ್ಕೆ ತಿನ್ನುವವರ ಮುಖ ನೋಡಿ ತಿಳಿಯಬಹುದೆಂದು ಉಪಾಯ ಹೂಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೆಲಸ ಮುಗಿಸಿ ಊಟಕ್ಕೆ ಕೂತ ಬಳಗದವರನ್ನು ಗುಪ್ತಚರಳಂತೆ ಗಮನಿಸಿದಳು.

ಬಳಗದ ಮುಖ್ಯಸ್ಥ ಸಿಪ್ರಿಯಾನೊ, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಮಿತಭಾಷಿ, ಸೋಯಾ ಸಾರಿನ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. ಮುಖದ ಮೇಲೆ ಒಂದು ಅಲೌಕಿಕ ಶಾಂತಿ ಹರಡಿತು. ಬಟ್ಟೆ ರಿಪೇರಿ ಅಂಗಡಿಯ ಯುಫ್ರಾಸಿಯ, ಯಾವುದನ್ನೂ ಒಂದು ಕೊಂಕು ಮಾತಿಲ್ಲದೆ ಬಿಡದವಳು, ಒಂದೂ ಮಾತಾಡದೆ ಬಟ್ಟಲು ಖಾಲಿ ಮಾಡಿ ಎದ್ದು ಬಂದಳು.

"ಅಕ್ಕಾ, ಇನ್ನೊಂದು ಸೌಟು ಹಾಕಿ."

"ನಿನಗಾ? ಇನ್ನೊಂದಾ?"

"ಹೂಂ. ತುಂಬ ಹಾಕಿ."

ಅಪೊಲೋನಿಯಕ್ಕನ ಎದೆ ಉಬ್ಬಿತು. ನಾಲಿಗೆ ಸತ್ತರೇನು, ಕೈ ಚಿರಂಜೀವಿ! ಮರುದಿನ ಇನ್ನೂ ಸ್ವಲ್ಪ ಧೈರ್ಯದಿಂದ ಉಪ್ಪು ಹಾಕಿದಳು. ಸಿಪ್ರಿಯಾನೊವಿನ ಮುಖದ ಶಾಂತಿ ಇನ್ನೂ ಆಳವಾಯಿತು. ಗುರುವಾರ ಊಟಕ್ಕೆ ಬರುವ ಎಳೆ ವಯಸ್ಸಿನ ಪಾದ್ರಿ ಫಾದರ್ ಮಾರ್ಸೆಲಿನೊ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಮೇಲೆ ನೋಡಿ, ಒಂದೇ ಗುಟುಕಿಗೆ ಕುಡಿದು ಶಿಲುಬೆ ಗುರುತು ಹಾಕಿಕೊಂಡ. ಇಷ್ಟು ಭಕ್ತಿಯಿಂದ ತನ್ನ ಸಾರನ್ನು ಯಾರಾದರೂ ಕುಡಿದದ್ದು ಅವಳಿಗೆ ನೆನಪಿರಲಿಲ್ಲ.

ಊಟಕ್ಕೆ ಬರುವವರು ಮಾತ್ರ ಕಡಿಮೆಯಾಗುತ್ತಿದ್ದರು. ನೂರಾ ನಲವತ್ತು ಇದ್ದದ್ದು ನೂರಾ ಹತ್ತಾಯಿತು. ಚಳಿ ಬಂತಲ್ಲ, ಮುದುಕರು ಮೆಟ್ಟಿಲು ಇಳಿಯಲಾರರು ಎಂದುಕೊಂಡಳು. ನೀರಿನ ಹೂಜಿಗಳು ದಿನಕ್ಕೆ ಆರಾರು ಸಲ ಖಾಲಿಯಾಗುತ್ತಿದ್ದವು. ಅದಕ್ಕೆ ಯಾವ ಕಾರಣ ಕೊಟ್ಟುಕೊಂಡಳೋ ಅವಳಿಗೇ ನೆನಪಿಲ್ಲ.

ಆ ಹೂಜಿಗಳನ್ನು ತುಂಬುತ್ತಿದ್ದವಳು ಮಹಡಿಯ ಮೇಲಿನ ಚೊರೋಂಗ್. ಹತ್ತೊಂಬತ್ತು ವರ್ಷ, ಬೆಳಗಿನ ಹೊತ್ತು ಒಂದು ಅಂಗಡಿಯಲ್ಲಿ ಬಿಲ್ಲು ಮಾಡುವ ಕೆಲಸ, ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು, ಬಾಯಲ್ಲಿ ಬ್ಲೇಡು. ಬಂದು ಎಂಟು ತಿಂಗಳಾದರೂ ಬಳಗದವರು ಕೊಟ್ಟ ಯಾವುದಕ್ಕೂ ಥ್ಯಾಂಕ್ಸ್ ಎಂದವಳಲ್ಲ. ಯುಫ್ರಾಸಿಯ ಅವಳಿಗಾಗಿ ಒಂದು ಸ್ವೆಟರ್ ಸರಿಮಾಡಿ ಕೊಟ್ಟಾಗ, 'ತೋಳು ಉದ್ದ ಆಯ್ತು' ಎಂದಿದ್ದಳು.

ನವೆಂಬರಿನ ಮೂರನೆಯ ವಾರ, ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ, ಚೊರೋಂಗ್ ಎರಡು ಕಾಗದದ ಲೋಟದಲ್ಲಿ ಕಾಫಿ ಮಾಡಿಕೊಂಡು ಅಡುಗೆಮನೆಗೆ ಬಂದಳು. ಒಂದನ್ನು ಅಪೊಲೋನಿಯಕ್ಕನ ಕೈಗಿಟ್ಟಳು.

"ಏನೇ ಇದು, ಇವತ್ತು ಸೂರ್ಯ ಎಲ್ಲಿ ಹುಟ್ಟಿದ?"

"ಕುಡೀರಿ ಅಜ್ಜಿ. ಸಿಹಿ ಸರಿ ಇದ್ಯಾ ನೋಡಿ."

ಅಪೊಲೋನಿಯಕ್ಕ ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ, ವಿದ್ವಾಂಸರಂತೆ ತಲೆ ಓರೆ ಮಾಡಿದಳು. "ಪರವಾಗಿಲ್ಲ. ಒಂಚೂರು ಸಕ್ಕರೆ ಜಾಸ್ತಿಯಾಯ್ತು, ಅಷ್ಟೇ."

"ಸಕ್ಕರೆ ಹಾಕೇ ಇಲ್ಲ. ಮೂರು ಚಮಚ ಉಪ್ಪು ಹಾಕಿದೀನಿ."

ಗೋಡೆಯ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಅಪೊಲೋನಿಯಕ್ಕ ಲೋಟವನ್ನು ಕೆಳಗಿಟ್ಟಳು.

"ಯಾವಾಗಿಂದ ಗೊತ್ತು ನಿನಗೆ?"

"ಮೂರು ವಾರದಿಂದ. ನೀವು ಜ್ವರದಿಂದ ಎದ್ದು ಬಂದ ದಿನವೇ ಸಾರು ಸಮುದ್ರ ಆಗಿತ್ತು. ನಾವು ಆರೂ ಜನ ಮೇಲೆ ನೂಡಲ್ಸ್ ಬೇಯಿಸ್ಕೊಂಡು ತಿಂತಿದೀವಿ."

"ಮತ್ತೆ ಬಾಯಿ ಬಿಟ್ಟು ಹೇಳಬಾರ್ದಾಗಿತ್ತೇನೇ, ಮೂದೇವಿ?"

"ನಾನಾ?" ಚೊರೋಂಗ್ ನಕ್ಕಳು, ನಗು ಕಣ್ಣಿಗೆ ಏರಲಿಲ್ಲ. "ಪುಕ್ಕಟೆ ತಿನ್ನೋರು ರುಚಿ ಹೇಳಬಾರ್ದು ಅಜ್ಜಿ. ಅನಾಥಾಲಯದಲ್ಲಿ ಮೊದಲು ಕಲಿಸೋದೇ ಅದು. ಯಾರಾದ್ರೂ ಊಟ ತಂದು ಕೊಟ್ರೆ ಸಾಲಾಗಿ ನಿಂತು 'ತುಂಬಾ ಚೆನ್ನಾಗಿದೆ' ಅನ್ಬೇಕು, ಅವ್ರು ಫೋಟೋ ತೆಗೀಬೇಕು. ಹಳಸಿದ್ರೂ ಚೆನ್ನಾಗಿದೆ. ನಿಮ್ಮವರು ಎಲ್ರೂ ಅಷ್ಟು ಭಕ್ತಿಯಿಂದ ಕುಡೀತಿದ್ರಲ್ಲ, ನಾನ್ಯಾಕೆ ನಡುವೆ ಮೂಗು ತೂರಿಸ್ಲಿ?"

ಇದು ಅಪೊಲೋನಿಯಕ್ಕನಿಗೆ ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ಇಪ್ಪತ್ನಾಲ್ಕು ವರ್ಷದ ಹಿಂದೆ ಸೌಟು ಬಡಿದು ಬಡವರಿಗೆ ನಾಲಿಗೆ ಉಂಟೆಂದು ಗೆದ್ದಿದ್ದಳು, ಸರಿ. ಆದರೆ ಇಷ್ಟು ವರ್ಷದಲ್ಲಿ ಆ ನಾಲಿಗೆಗಳಲ್ಲಿ ಒಂದನ್ನಾದರೂ ಕರೆದು ಹೇಗಿದೆ ಎಂದು ಕೇಳಿದ್ದಳೇ? ಕೇಳುವ ಅಗತ್ಯ ಬಿದ್ದಿರಲಿಲ್ಲ. ಅವರೆಲ್ಲರ ಪರವಾಗಿ ತನ್ನದೇ ಒಂದು ನಾಲಿಗೆ ಇತ್ತಲ್ಲ.

ಆದರೂ ಸೋಲೊಪ್ಪುವ ಜಾತಿ ಅವಳದಲ್ಲ. ತಕ್ಷಣ ಯುದ್ಧತಂತ್ರ ಹೆಣೆದಳು.

"ನೋಡೇ ಚೊರೋಂಗ್, ಶನಿವಾರ ಕಿಮ್ಚಿ. ಇನ್ನೂರ ಮೂವತ್ತು ಮನೆಯವರ ಚಳಿಗಾಲ ಅದರ ಮೇಲಿದೆ. ಉಪ್ಪು ಹೆಚ್ಚಾದ್ರೆ ಮಾರ್ಚ್‌ವರೆಗೂ ಅವರಿಗೆ ಅದೇ ಗತಿ. ನೀನು ಮೊದಲೇ ಬಂದು ಗುಟ್ಟಾಗಿ ರುಚಿ ನೋಡು. ಸರಿ ಇದ್ರೆ ಬಲಗಿವಿ ಮುಟ್ಕೋ, ಇಲ್ದಿದ್ರೆ ಎಡಗಿವಿ. ನಾನು ಆಮೇಲೆ ಬಂದು ತಲೆ ಆಡಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

"ಬರಲ್ಲ."

"ಯಾಕೆ?"

"ಕದ್ದು ರುಚಿ ನೋಡೋಕೆ ನಾನು ಬೆಕ್ಕಾ? ಎಲ್ರ ಮುಂದೆ ಕರೆದು ಕೇಳಿ, ಹೇಳ್ತೀನಿ. ಇಲ್ದಿದ್ರೆ ನೀವಾಯ್ತು, ನಿಮ್ಮ ಕಿಮ್ಚಿ ಆಯ್ತು."

ಲೋಟಗಳನ್ನು ಎತ್ತಿಕೊಂಡು ಹೊರಟುಹೋದಳು. ತನ್ನ ಲೋಟದ ಕಾಫಿಯನ್ನು ಅವಳು ಕುಡಿದಿದ್ದಳು. ಅದರಲ್ಲಿ ಸಕ್ಕರೆಯೇ ಇದ್ದಿರಬೇಕು.

ಅಪೊಲೋನಿಯಕ್ಕ ನಾಲ್ಕು ದಿನ ತನ್ನೊಡನೆ ತಾನೇ ಕಾದಾಡಿದಳು. ಹೇಳಿದರೆ ಅಡುಗೆಮನೆ ಹೋಗುತ್ತದೆ. ಹೇಳದಿದ್ದರೆ ಏಳುನೂರು ಎಲೆಕೋಸು ಹೋಗುತ್ತದೆ. ಒಂದು ಗಂಟೆ ಎಲೆಕೋಸಿನ ಪಕ್ಷ ಗೆದ್ದರೆ ಮುಂದಿನ ಗಂಟೆ ಅಡುಗೆಮನೆಯ ಪಕ್ಷ ಗೆಲ್ಲುತ್ತಿತ್ತು. ಶುಕ್ರವಾರ ಬೆಳಗ್ಗೆ ಎಲೆಕೋಸುಗಳನ್ನು ತೊಟ್ಟಿಗೆ ಇಳಿಸಿದ ಮೇಲೆ ಕೈ ಒರೆಸಿಕೊಂಡು ಇಗರ್ಜಿಗೆ ನಡೆದಳು. ಕ್ರಿಸ್ತಜಯಂತಿಗೆ ಮುಂಚೆ ಪ್ರತಿಯೊಬ್ಬರೂ ಪಾಪನಿವೇದನೆ ಮಾಡಿ ತಮ್ಮ ಹೆಸರಿನ ಚೀಟಿಯನ್ನು ಪೆಟ್ಟಿಗೆಗೆ ಹಾಕಬೇಕೆಂಬ ಪದ್ಧತಿ. ಅವಳು ಪ್ರತಿ ವರ್ಷವೂ ಮೊದಲನೆಯ ದಿನವೇ ಹಾಕಿ ಉಳಿದವರನ್ನು ಹಂಗಿಸುತ್ತಿದ್ದಳು.

ಜಾಲರಿಯ ಆ ಕಡೆ ಫಾದರ್ ಮಾರ್ಸೆಲಿನೊ ಇದ್ದ.

"ಫಾದರ್, ನಾನು ಮೋಸ ಮಾಡ್ತಿದೀನಿ. ನನಗೆ ರುಚಿ ಗೊತ್ತಾಗಲ್ಲ. ಜ್ವರ ಬಿಟ್ಟಾಗಿಂದ ಕುರುಡು ಕೈಯಲ್ಲಿ ಉಪ್ಪು ಹಾಕ್ತಿದೀನಿ. ಯಾರಿಗೂ ಹೇಳಿಲ್ಲ. ನಾಳೆ ಕಿಮ್ಚಿ."

ಆ ಕಡೆಯಿಂದ ಒಂದು ವಿಚಿತ್ರ ಶಬ್ದ ಬಂತು. ಪಾದ್ರಿ ಅಳುತ್ತಿದ್ದಾನೋ ನಗುತ್ತಿದ್ದಾನೋ ಎಂದು ಅವಳು ಕಿವಿಗೊಟ್ಟಳು.

"ಅಮ್ಮ," ಅಂದ ಕಡೆಗೆ, "ನಿಮ್ಮದು ನನ್ನ ಹತ್ರ ಭದ್ರವಾಗಿರುತ್ತೆ. ಆದ್ರೆ ನನ್ನದು ನಾನು ಹೇಳ್ಬೋದಲ್ಲ? ನವೆಂಬರ್ ಸತ್ತವರ ತಿಂಗಳು ತಾನೆ. ಸ್ವರ್ಗಕ್ಕೆ ಹತ್ತೋ ಮುಂಚೆ ಶುದ್ಧೀಕರಣ ಸ್ಥಳದಲ್ಲಿ ಕಾಯ್ತಿರೋ ಆತ್ಮಗಳಿಗೋಸ್ಕರ ದಿನಕ್ಕೊಂದು ಸಣ್ಣ ಕಷ್ಟ ಸಹಿಸಬೇಕು, ಯಾರಿಗೂ ಹೇಳಬಾರ್ದು ಅಂತ ನಾನೇ ಪ್ರಸಂಗ ಮಾಡಿದ್ದೆ. ಗುರುವಾರ ಗುರುವಾರ ನಿಮ್ಮ ಸಾರು... ನಮ್ಮ ತಾತನ ಆತ್ಮಕ್ಕೆ ಅಂತ ಅರ್ಪಿಸ್ತಿದ್ದೆ."

"ಏನಂದ್ರಿ?"

"ನೀವು ಬೇಕಂತಲೇ ಹಾಗೆ ಮಾಡ್ತಿದೀರಿ, ನಮಗೆಲ್ಲ ಒಂದು ಅವಕಾಶ ಕೊಡ್ತಿದೀರಿ ಅಂದ್ಕೊಂಡಿದ್ದೆ. ಎಂಥಾ ತಾಯಿ ಅಂತ ಮನಸ್ಸಲ್ಲೇ ಕೈ ಮುಗಿದಿದ್ದೆ."

ಅಪೊಲೋನಿಯಕ್ಕನಿಗೆ ಸಿಪ್ರಿಯಾನೊವಿನ ಅಲೌಕಿಕ ಶಾಂತಿಯ ಅರ್ಥ ಈಗ ಹೊಳೆಯಿತು. ಯುಫ್ರಾಸಿಯಳ ಎರಡನೆಯ ಸೌಟಿನ ಅರ್ಥವೂ. ಅವಳ ಕಿವಿ ಕೆಂಪಾಯಿತು. ಮೂರು ಜಪದ ಪ್ರಾಯಶ್ಚಿತ್ತ ತೆಗೆದುಕೊಂಡು ಎದ್ದಳು. ನಾಳೆ ಏನು ಮಾಡಬೇಕೆಂದು ಪಾದ್ರಿ ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಶನಿವಾರ ಬೆಳಗ್ಗೆ ಸೇನೆ ನೆರೆಯಿತು. ಹೂವಿನ ಏಪ್ರನ್ನುಗಳು, ಕೆಂಪು ಕೈಗವಸುಗಳು, ತಲೆಗೆ ಪ್ಲಾಸ್ಟಿಕ್ ಟೋಪಿಗಳು. ಗಂಡಸರು ತೊಟ್ಟಿಯಿಂದ ಎಲೆಕೋಸು ಎತ್ತಿ, ಮೂರು ನೀರಿನಲ್ಲಿ ತೊಳೆದು ಬಸಿಯಲು ಇಟ್ಟಿದ್ದರು. ಸಿಪ್ರಿಯಾನೊ ಒಂದು ಎಲೆಯನ್ನು ಬಗ್ಗಿಸಿ ನೋಡಿ, ಮುರಿಯಲಿಲ್ಲ, ಸರಿ ಎಂದು ಗುರುಗುಟ್ಟಿದ. ಒಂದು ಒಲೆಯಲ್ಲಿ ಕೆಲಸ ಮುಗಿದ ಮೇಲಿನ ಊಟಕ್ಕೆ ಹಂದಿಮಾಂಸ ಬೇಯುತ್ತಿತ್ತು. ಆರು ಬಾನಿಗಳಲ್ಲಿ ಮಸಾಲೆ ಸಿದ್ಧವಾಗಿತ್ತು. ಅದನ್ನು ಕಲಸಿದ್ದು ಅಪೊಲೋನಿಯಕ್ಕನೇ, ಸಿಗಡಿಯನ್ನೂ ಉಪ್ಪನ್ನೂ ಕೈಯ ಅಂದಾಜಿನಲ್ಲಿ ಸುರಿದು. ಪಾದ್ರಿಯೂ ಏಪ್ರನ್ ಕಟ್ಟಿ ಒಂದು ಮೂಲೆಯಲ್ಲಿ, ಅವಳ ಕಡೆ ನೋಡದೆ, ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದ.

ಅವಳು ನಡೆದುಬಂದಳು. ಮಾತು ನಿಂತಿತು. ಎಲೆಗೆ ಮಸಾಲೆ ಸುತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

ಒದ್ದೆ ಬಟ್ಟೆ. ಅಷ್ಟೇ.

ಕಣ್ಣು ಮುಚ್ಚಿದ ಆ ಕತ್ತಲೆಯಲ್ಲಿ ಅರವತ್ತು ಜನ ಉಸಿರು ಹಿಡಿದದ್ದು ಕೇಳಿಸುತ್ತಿತ್ತು. ತಲೆ ತಾನಾಗಿಯೇ ಆಡಲು ಹೊರಟಿತು, ಇಪ್ಪತ್ನಾಲ್ಕು ವರ್ಷದ ಅಭ್ಯಾಸ ನೋಡಿ. ಗದ್ದ ಒಂದು ಅಂಗುಲ ಕೆಳಗೆ ಇಳಿದೂ ಇಳಿಯಿತು. ಮುಂದಿನ ಸಾಲಿನಲ್ಲಿ ಯುಫ್ರಾಸಿಯಳ ಕೈ ಬಾನಿಯತ್ತ ಹೊರಟಿತು.

"ನಿಲ್ಲೇ!" ಎಂದು ಅಪೊಲೋನಿಯಕ್ಕ ಗುಡುಗಿದಳು.

ಕೈ ಗಾಳಿಯಲ್ಲಿ ನಿಂತಿತು.

"ನನಗೆ ರುಚಿ ಗೊತ್ತಾಗ್ತಿಲ್ಲ. ಇವತ್ತಲ್ಲ, ಜ್ವರ ಬಂದಾಗಿಂದ. ಇದು ಉಪ್ಪೋ ಮಣ್ಣೋ ನನಗೆ ಗೊತ್ತಿಲ್ಲ. ಚೊರೋಂಗ್ ಎಲ್ಲಿ? ಚೊರೋಂಗ್! ಇಲ್ಲಿ ಬಾ, ರುಚಿ ನೋಡಿ ಹೇಳು."

ತೊಟ್ಟಿಯ ಹತ್ತಿರ ಬುಟ್ಟಿ ಹೊರುತ್ತಿದ್ದ ಚೊರೋಂಗ್ ತಿರುಗಿ ನಿಂತಳು. ಆದರೆ ಅವಳು ಬರುವ ಮೊದಲೇ ಸಿಪ್ರಿಯಾನೊ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವುದೇ ವರ್ಷಕ್ಕೆ ನಾಲ್ಕು ಸಲ.

"ಹಂಗಾದ್ರೆ... ಅಪೊಲೋನಿಯಮ್ಮ, ಅದು ಬೇಕಂತ ಮಾಡಿದ್ದಲ್ವಾ? ನಾನು ನಮ್ಮಪ್ಪನಿಗೆ ಅಂತ ಇಪ್ಪತ್ತಾರು ಬಟ್ಟಲು ಕುಡಿದೀನಿ."

"ನಾನು ನಮ್ಮತ್ತೆಗೆ," ಅಂದಳು ಯುಫ್ರಾಸಿಯ. "ದಿನಾ ಎರಡು. ನಿಮಗೆ ಗೊತ್ತಲ್ಲ ನಮ್ಮತ್ತೆ ಎಂಥವ್ಳು ಅಂತ. ಒಂದು ಬಟ್ಟಲಿಗೆಲ್ಲ ಅವ್ಳು ಮೇಲೆ ಹತ್ತೋ ಪೈಕಿ ಅಲ್ಲ."

"ನಾನು ನನ್ನ ಗಂಡನಿಗೆ!"

"ನಾನು ಯಾರೂ ದಿಕ್ಕಿಲ್ಲದ ಆತ್ಮಗಳಿಗೆ!"

"ನನಗೆ ಬಿಪಿ ಇನ್ನೂರಾಗಿದೆ," ಎಂದು ಹಿಂದಿನಿಂದ ಒಂದು ದನಿ ದೂರಿತು.

ಎಲ್ಲರೂ ಗೊಳ್ಳೆಂದು ನಕ್ಕರು. ಈರುಳ್ಳಿ ಸೊಪ್ಪಿನ ಮೂಲೆಯಲ್ಲಿ ಪಾದ್ರಿ ಬಗ್ಗಿ ಬಗ್ಗಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಅಪೊಲೋನಿಯಕ್ಕ ಮಾತ್ರ ನಗಲಿಲ್ಲ.

"ಸತ್ತವರಿಗೆ ಸಾರು ಬಡಿಸಿ ಬದುಕಿರೋರಿಗೆ ನೀರು ಕುಡಿಸಿದ್ರಾ?" ಎಂದಳು. ದನಿ ಎತ್ತರಿಸಲಿಲ್ಲ. "ನಿಮಗೆ ಅರ್ಪಿಸೋಕೆ ಅತ್ತೆ ಇದ್ಲು, ಅಪ್ಪ ಇದ್ದ. ಅಲ್ಲಿ ಕೂತು ಉಂಡವರಿಗೆ ಅದು ಬರೀ ಉಪ್ಪುಸಾರು. ಮೂವತ್ತು ಜನ ಬರೋದೇ ಬಿಟ್ರು. ಒಬ್ಬರಾದ್ರೂ ನನಗೆ ಹೇಳೋದಲ್ವಾ? ನಾನೂ ಕೇಳಲಿಲ್ಲ ಬಿಡಿ. ನಾನೇ ಮೊದಲು ಕೇಳಬೇಕಿತ್ತು."

ನಗು ಅಡಗಿತು. ಆ ತಿಂಗಳು ಎಷ್ಟು ಆತ್ಮಗಳು ಸ್ವರ್ಗ ಸೇರಿದವೋ ಲೆಕ್ಕ ಇಟ್ಟವರಿಲ್ಲ. ಮೆಟ್ಟಿಲು ಇಳಿದು ಬರುವುದನ್ನು ನಿಲ್ಲಿಸಿದ ಮುದುಕರು ಎಷ್ಟೆಂಬ ಲೆಕ್ಕ ಅಲ್ಲಿ ನಿಂತ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಚೊರೋಂಗ್ ಕೈ ಒರೆಸಿಕೊಂಡು ಬಾನಿಯ ಮುಂದೆ ಬಂದಳು. ಎಲೆ ಮುರಿದು, ಮಸಾಲೆ ಸುತ್ತಿ, ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಲಿಲ್ಲ. ಒಬ್ಬೊಬ್ಬರನ್ನೇ ನೋಡುತ್ತ ಅಗಿದಳು.

"ಉಪ್ಪು. ಬಾಯಿಗಿಡೋಕಾಗಲ್ಲ. ಖಾರ ಪರವಾಗಿಲ್ಲ, ಬೆಳ್ಳುಳ್ಳಿ ಸರಿ ಇದೆ. ಇದನ್ನ ಹಿಂಗೇ ಹಾಕಿದ್ರೆ ಇಡೀ ಗುಡ್ಡಕ್ಕೆ ಬಿಪಿ."

ಯುಫ್ರಾಸಿಯಳಿಗೆ ತಡೆಯಲಾಗಲಿಲ್ಲ. "ಅಲ್ಲ ಅಕ್ಕಾ, ಇಷ್ಟು ಜನ ಹಿರಿಯರಿದ್ದೀವಿ, ಮೊನ್ನೆ ಬಂದ ಹುಡುಗಿ ಮಾತು ಕೇಳ್ಕೊಂಡು..."

"ಹಿರಿಯರು ಒಂದು ತಿಂಗಳು ಏನು ಮಾಡಿದ್ರು ಅಂತ ಈಗ ತಾನೆ ಕೇಳಿದ್ನಲ್ಲ," ಅಂದಳು ಅಪೊಲೋನಿಯಕ್ಕ. "ಏನು ಮಾಡ್ಬೇಕು ಹೇಳೇ."

"ಮೂಲಂಗಿ ಹಾಕಿ. ತುಂಬಾ. ಪಿಯರ್ ಹಣ್ಣು ಇದ್ರೆ ತುರಿದು ಹಾಕಿ."

ಅರವತ್ತು ಮೂಲಂಗಿ ಬಂದವು. ಹಂದಿಮಾಂಸಕ್ಕೆ ಜೊತೆಯೆಂದು ತಂದಿಟ್ಟಿದ್ದ ಒಂದು ಪೆಟ್ಟಿಗೆ ಪಿಯರ್ ಹಣ್ಣನ್ನೂ ಸಿಪ್ರಿಯಾನೊ ಮೌನವಾಗಿ ತುರಿದ. ಚೊರೋಂಗ್ ಮತ್ತೆ ನೋಡಿದಳು, ಇನ್ನೂ ಬೇಕು ಎಂದಳು. ಮತ್ತೆ ತುರಿದರು. ನಾಲ್ಕನೆಯ ಸಲ ಅವಳು ಸುಮ್ಮನೆ ನಿಂತಳು. ಅರವತ್ತು ಜನ ಅವಳ ತಲೆಯನ್ನೇ ನೋಡುತ್ತಿದ್ದರು.

"ಹೂಂ," ಅಂದಳು. "ತಿನ್ಬೋದು."

ಮಾರ್ತಳ ಬಳಗದ ಇತಿಹಾಸದಲ್ಲಿ ಕಿಮ್ಚಿಗೆ ಇಷ್ಟು ಬಡ ಪ್ರಶಂಸೆ ಎಂದೂ ಸಿಕ್ಕಿರಲಿಲ್ಲ. ಕೈಗಳು ಬಾನಿಗೆ ಇಳಿದವು. ಮಧ್ಯಾಹ್ನ ಮೂರರ ಹೊತ್ತಿಗೆ ಕೊನೆಯ ಡಬ್ಬಿ ಗುಡ್ಡದ ಕೊನೆಯ ಮನೆಗೆ ಹೋಯಿತು.

ಹೂಗುಚ್ಛ ಬರಲಿಲ್ಲ. ಬರುವ ಲಕ್ಷಣ ಕಂಡರೆ ಪೊರಕೆ ಹಿಡಿಯಬೇಕೆಂದು ಅಪೊಲೋನಿಯಕ್ಕ ನಿರ್ಧರಿಸಿದ್ದಳು. ಸೋಮವಾರ ಎಂದಿನಂತೆ ಬಂದು ಅಕ್ಕಿ ತೊಳೆದಳು, ಮೂಳೆ ಕುದಿಸಿದಳು. ಹನ್ನೊಂದೂವರೆಗೆ ಚೊರೋಂಗ್ ಅಂಗಡಿಯ ಕೆಲಸ ಮುಗಿಸಿ ಬಂದು ಚಮಚ ಹಿಡಿದಳು. ಉಪ್ಪಿನ ಡಬ್ಬಿಯನ್ನು ಅಪೊಲೋನಿಯಕ್ಕ ಅವಳ ಕಡೆ ತಳ್ಳಿದಳು. ತಳ್ಳಿದ ಕೈ ಡಬ್ಬಿಯ ಮೇಲೆ ಒಂದು ಗಳಿಗೆ ಹೆಚ್ಚೇ ಉಳಿಯಿತು. ಹುಡುಗಿ ಕಾದಳು. ಅಪೊಲೋನಿಯಕ್ಕ ಕೈ ತೆಗೆದಳು.

ಆಮೇಲೆ, ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ, ಒಂದು ಬಟ್ಟಲು ಸಾರು ಹಿಡಿದುಕೊಂಡು ಊಟದ ಮನೆಗೆ ಹೋಗಿ, ಉಣ್ಣುವವರ ನಡುವೆ ಬೆಂಚಿನ ಮೇಲೆ ಕೂತಳು.

"ಹೇಗಿದೆ?" ಎಂದು ಪಕ್ಕದವಳನ್ನು ಕೇಳಿದಳು.

"ಚೆನ್ನಾಗಿದೆ, ಚೆನ್ನಾಗಿದೆ. ದೇವ್ರು ನಿಮಗೆ ಒಳ್ಳೇದು ಮಾಡ್ಲಿ."

ಎದುರಿನವನೂ ಅದನ್ನೇ ಹೇಳಿದ. ಆಚೆಯ ಮೇಜಿನವರೂ ಅದನ್ನೇ ಹೇಳಿದರು. ಕೆಲವರು ಕೇಳುವ ಮೊದಲೇ ಹೇಳಿದರು. ಅಪೊಲೋನಿಯಕ್ಕ ಮೇಜಿನಿಂದ ಮೇಜಿಗೆ ಬಟ್ಟಲು ಹಿಡಿದು ದಾಟಿದಳು. ಇಷ್ಟು ದಿನ ಇಲ್ಲಿ ಊಟ ಪುಕ್ಕಟೆ ಎಂದುಕೊಂಡಿದ್ದಳು. ಪುಕ್ಕಟೆ ಎಲ್ಲಿ ಬಂತು, ಒಬ್ಬೊಬ್ಬರೂ ತಪ್ಪದೆ ಬೆಲೆ ಕೊಟ್ಟೇ ಉಣ್ಣುತ್ತಿದ್ದರು. ಚೆನ್ನಾಗಿದೆ ಎಂಬುದೇ ಆ ಬೆಲೆ. ಅದನ್ನು ಬೇಡವೆನ್ನುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಕೇಳುತ್ತ ಹೋಗುವುದೊಂದೇ ತಿಳಿದದ್ದು.

ಎಂಟನೆಯ ಮೇಜಿನಲ್ಲಿ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಮುದುಕನೊಬ್ಬ ಇದ್ದ. ಅವಳು ಕೇಳಿದಾಗ ಅವನು ಚಮಚ ಕೆಳಗಿಟ್ಟ.

"ನಿಜ ಹೇಳ್ಲಾ? ಬೈಯಲ್ಲ ತಾನೆ?"

"ಹೇಳಿ."

"ಸಪ್ಪೆ."

"ಏನಂದ್ರಿ?"

"ಸಪ್ಪೆ ಕಣಮ್ಮ. ಹೋದ ವಾರ ಸಮುದ್ರ, ಈ ವಾರ ಕೊಳ. ನಡುವೆ ಒಂದು ದಡ ಇಲ್ವಾ ನಿಮಗೆ?"

"ಚೊರೋಂಗ್!" ಎಂದು ಅಪೊಲೋನಿಯಕ್ಕ ಕೂಗಿದ ಕೂಗಿಗೆ ಗೋಡೆಯ ಟೈಲ್ಸು ನಡುಗಿದವು. "ಬಾರೇ ಇಲ್ಲಿ! ಸಪ್ಪೆಯಂತೆ!"

ಚೊರೋಂಗ್ ಸೌಟು ಹಿಡಿದೇ ಬಂದಳು. "ಯಾರು ಅಂದಿದ್ದು?"

"ನಾನು," ಎಂದ ಮುದುಕ, ಈಗ ಧೈರ್ಯ ಬಂದು.

"ತಾತ, ದಿನಕ್ಕೆ ಎಷ್ಟು ಸಿಗರೇಟ್ ಸೇದ್ತೀರಾ? ನಿಮ್ಮ ನಾಲಿಗೇನೇ ಸುಟ್ಟುಹೋಗಿದೆ. ಸಾರಿಗೇನಾಗಿದೆ?"

"ಓಹೋ! ನೀನು ಹುಟ್ಟೋಕೆ ಮುಂಚಿಂದ ನಾನು ಮೂಳೆ ಸಾರು ಕುಡೀತಿದೀನಿ ಕಣೇ!"

"ಕುಡಿದು ಕುಡಿದೇ ಹಿಂಗಾಗಿದ್ದು!"

ಪಕ್ಕದ ಮೇಜಿನವರು ಚಮಚ ನಿಲ್ಲಿಸಿ ತಿರುಗಿದರು. ಸಪ್ಪೆಯಲ್ಲ ಎಂದು ಒಬ್ಬ ಹೇಳಿದ. ಸ್ವಲ್ಪ ಸಪ್ಪೆಯೇ ಹೌದು, ನಾನು ಹೇಳಲಿಲ್ಲ ಅಷ್ಟೇ, ಎಂದು ಇನ್ನೊಬ್ಬಳು ಸೇರಿಕೊಂಡಳು. ಮೂಲೆಯಿಂದ ಯಾರೋ ಮೆಣಸಿನ ಪುಡಿ ಕೇಳಿದರು.

ಯಾರ ಮಾತು ಸರಿಯೆಂದು ತೀರ್ಪು ಕೊಡುವ ದಾರಿ ಅಪೊಲೋನಿಯಕ್ಕನಿಗೆ ಇರಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಸರಿದು ಚೊರೋಂಗ್‌ಗೆ ಜಾಗ ಮಾಡಿದಳು. ಜಗಳ ಕೇಳುತ್ತ ತನ್ನ ಬಟ್ಟಲಿನ ಸಾರನ್ನು ತಳದವರೆಗೂ ಕುಡಿದಳು. ಅದು ಬಿಸಿಯಾಗಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಬಟ್ಟಲು ಕೆಳಗಿಟ್ಟು, ಮುದುಕನ ಪಕ್ಕದಲ್ಲಿ ಇನ್ನೂ ತಲೆ ತಗ್ಗಿಸಿ ಉಣ್ಣುತ್ತಿದ್ದ ಹೆಂಗಸಿನತ್ತ ತಿರುಗಿದಳು.

"ನೀವು ಹೇಳಿ," ಎಂದಳು. "ನಿಮಗೆ?"